ಪ್ರತಿ ಇದೆ ಅಂದುಕೊಂಡಿದ್ದೆವು



ಈ ಸಲದ ಸಂಪಾದಕೀಯವನ್ನು ನಮ್ಮದೇ ಒಂದು ತಪ್ಪಿನಿಂದ ಶುರು ಮಾಡಬೇಕಾಗಿದೆ.

ಕಳೆದ ತಿಂಗಳು ಒಂದು ಗುರುವಾರ ರಾತ್ರಿ ನಮ್ಮ ಸಂಘದ ಸರ್ವರ್ ಕೆಟ್ಟು ನಿಂತಿತು. ಸರ್ವರ್ ಅಂದರೆ ದೊಡ್ಡ ಸಂಗತಿಯೇನಲ್ಲ, ಜುಬೈಲಿನ ನಮ್ಮ ರೂಮಿನ ಮೂಲೆಯಲ್ಲಿ ಎಸಿಯ ಗಾಳಿ ತಾಗುವ ಹಾಗೆ ಇಟ್ಟಿದ್ದ ಒಂದು ಹಳೇ ಕಂಪ್ಯೂಟರ್. ಆದರೆ ಅದರೊಳಗೆ ಸದಸ್ಯರ ಪಾಸ್‌ಪೋರ್ಟ್ ಮತ್ತು ಇಕಾಮಾ ಪ್ರತಿಗಳು, ಊರಿನ ಮನೆಯ ಫೋನ್ ನಂಬರು, ತುರ್ತು ಸಾಲದ ಲೆಕ್ಕ, ರಕ್ತ ಕೊಡುವವರ ಪಟ್ಟಿ ಎಲ್ಲ ಇತ್ತು. ನಾವೇನೂ ಗಾಬರಿಯಾಗಲಿಲ್ಲ. ಪಕ್ಕದಲ್ಲೇ ಬ್ಯಾಕಪ್ ಡಿಸ್ಕ್ ಇತ್ತಲ್ಲ! ದಿನಾ ರಾತ್ರಿ ಎರಡು ಗಂಟೆಗೆ ಅದರ ಹಸಿರು ಲೈಟು ಮಿನುಗುವುದನ್ನು ರೂಮಿನಲ್ಲಿ ಮಲಗುವ ಹುಡುಗರು ವರ್ಷಗಟ್ಟಲೆ ನೋಡಿದ್ದಾರೆ.

ಮರುದಿನ ಬೆಳಿಗ್ಗೆ ಫೋನ್ ಬಂತು. ಲೇಬರ್ ಕ್ಯಾಂಪೊಂದರಲ್ಲಿ ನಮ್ಮ ಸದಸ್ಯರೊಬ್ಬರು ನಿದ್ದೆಯಲ್ಲೇ ತೀರಿಕೊಂಡಿದ್ದರು. ಇಂಥ ಹೊತ್ತಿನಲ್ಲಿ ಆಸ್ಪತ್ರೆಗೆ ಹೋದರೂ, ಪೊಲೀಸ್ ಠಾಣೆಗೆ ಹೋದರೂ, ರಾಯಭಾರ ಕಚೇರಿಗೆ ಹೋದರೂ ಮೊದಲು ಕೇಳುವುದು ಪಾಸ್‌ಪೋರ್ಟ್ ಪ್ರತಿ ಮತ್ತು ವಾರಸುದಾರರ ವಿವರ. ಬ್ಯಾಕಪ್ ಡಿಸ್ಕನ್ನು ಬೇರೆ ಲ್ಯಾಪ್‌ಟಾಪಿಗೆ ಹಾಕಿ ತೆರೆದೆವು. ಫೋಲ್ಡರುಗಳು ಸಾಲಾಗಿ ಇದ್ದವು. ಕೊನೆಯ ಫೈಲಿನ ತಾರೀಕು ನೋಡಿದರೆ ಹದಿನಾಲ್ಕು ತಿಂಗಳ ಹಿಂದಿನದು. ತೀರಿಕೊಂಡವರು ಸಂಘಕ್ಕೆ ಸೇರಿದ್ದು ಹನ್ನೊಂದು ತಿಂಗಳ ಹಿಂದೆ.

ಆದದ್ದಿಷ್ಟೆ. ಡಿಸ್ಕ್ ತುಂಬಿ ಹೋಗಿತ್ತು. ಪ್ರೋಗ್ರಾಮ್ ಪ್ರತಿ ರಾತ್ರಿ ಎದ್ದು, ಜಾಗ ಇಲ್ಲ ಎಂದು ಒಂದು ಈಮೇಲ್ ಕಳಿಸಿ, ಪುನಃ ಮಲಗುತ್ತಿತ್ತು. ಆ ಈಮೇಲ್ ಹೋಗುತ್ತಿದ್ದದ್ದು ಇದನ್ನೆಲ್ಲ ಜೋಡಿಸಿಕೊಟ್ಟಿದ್ದ ನಮ್ಮ ಸ್ವಯಂಸೇವಕನಿಗೆ. ಅವನು ಎಕ್ಸಿಟ್ ಹೊಡೆದು ಊರಿಗೆ ಹೋಗಿ ಒಂದೂವರೆ ವರ್ಷವಾಯಿತು. ಅವನದು ತಪ್ಪಿಲ್ಲ. ಬೀಳ್ಕೊಡುಗೆಗೆ ಬಿರಿಯಾನಿ ಮಾಡಿ ಶಾಲು ಹೊದಿಸಿದ ನಾವು, ಅವನು ನೋಡುತ್ತಿದ್ದ ಕೆಲಸವನ್ನು ಇನ್ನು ಯಾರು ನೋಡುವುದು ಎಂದು ಕೇಳಲಿಲ್ಲ.

ಮೃತರ ಸೂಟ್‌ಕೇಸಿನಲ್ಲಿ ಕಾಗದ ಹುಡುಕಿ, ಅವರ ರೂಮಿನವರ ಫೋನಿನಿಂದ ಊರಿನ ನಂಬರು ಪತ್ತೆ ಮಾಡಿ ಕೆಲಸ ಮುಗಿಸಿದೆವು. ಎರಡು ದಿನ ತಡವಾಯಿತು. ಊರಿನ ಮನೆಯಲ್ಲಿ ಕಾಯುತ್ತಿದ್ದವರಿಗೆ ಆ ಎರಡು ದಿನ ಎಷ್ಟು ಉದ್ದವಾಗಿತ್ತು ಎಂದು ಇಲ್ಲಿ ಬರೆಯುವ ಯೋಗ್ಯತೆ ನಮಗಿಲ್ಲ. ಆ ಕುಟುಂಬದವರಲ್ಲಿ ಕ್ಷಮೆ ಕೇಳಿದ್ದೇವೆ, ಇಲ್ಲಿಯೂ ಕೇಳುತ್ತೇವೆ.

ಸಾಲದ ಲೆಕ್ಕದ್ದು ಇನ್ನೊಂದು ಕತೆ. ಕೊನೆಯ ಹದಿನಾಲ್ಕು ತಿಂಗಳ ಪುಸ್ತಕವೇ ಇಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ವಿಷಯ ಹೇಳಿದ ಸಂಜೆಯೇ "ನನ್ನದು ಸಾವಿರದ ಇನ್ನೂರು ರಿಯಾಲ್ ಬಾಕಿ ಉಂಟು, ಬರ್ಕೊಳ್ಳಿ" ಎಂದು ಒಬ್ಬರು ತಾವಾಗಿಯೇ ಹಾಕಿದರು. ಆಮೇಲೆ ಒಬ್ಬರ ಹಿಂದೆ ಒಬ್ಬರು. ಹಳೇ ರಸೀದಿಯ ಫೋಟೋ, ಸ್ಕ್ರೀನ್‌ಶಾಟ್ ಎಲ್ಲ ಸೇರಿಸಿ ಪುಸ್ತಕವನ್ನು ಹೊಸದಾಗಿ ಬರೆದಿದ್ದೇವೆ. ಹೇಳದೆ ಉಳಿದವರು ಯಾರಾದರೂ ಇದ್ದರೆ ನಮಗದು ಗೊತ್ತಾಗುವುದೂ ಇಲ್ಲ.

ನಮ್ಮಂಥ ಅರೆಬರೆ ತಿಳಿದವರಿಗೆ ಮಾತ್ರ ಹೀಗಾಗುತ್ತದೆ ಅಂತ ಅಂದುಕೊಳ್ಳಬೇಡಿ. ಗಿಟ್‌ಲ್ಯಾಬ್ ಎಂಬ ಕಂಪೆನಿ ಇದೆ; ಸಾಫ್ಟ್‌ವೇರ್ ಬರೆಯುವವರು ತಮ್ಮ ಕೋಡನ್ನು ಅಲ್ಲಿ ಇಡುತ್ತಾರೆ. 2017ರ ಜನವರಿ 31ರ ರಾತ್ರಿ ಅಲ್ಲಿನ ಎಂಜಿನಿಯರ್ ಒಬ್ಬರು ಎರಡನೇ ಸರ್ವರಿನ ಡೇಟಾಬೇಸ್ ಫೋಲ್ಡರನ್ನು ಖಾಲಿ ಮಾಡಲು ಹೊರಟು, ಕೈತಪ್ಪಿ ಮುಖ್ಯ ಸರ್ವರಿನಲ್ಲಿ ಆ ಆಜ್ಞೆ ಕೊಟ್ಟರು. ಒಂದೆರಡು ಸೆಕೆಂಡಿನಲ್ಲೇ ತಿಳಿದು ನಿಲ್ಲಿಸಿದರೂ, ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಅವರ ಹತ್ತಿರ ಡೇಟಾ ಉಳಿಸುವ ಐದು ಬಗೆಯ ಏರ್ಪಾಡು ಇದ್ದವು. ಅವುಗಳಲ್ಲಿ ಒಂದೂ ನೆಚ್ಚುವ ಹಾಗಿರಲಿಲ್ಲ. ದಿನವೂ ಪ್ರತಿ ತೆಗೆಯುವ ಪ್ರೋಗ್ರಾಮ್ 9.2 ಆವೃತ್ತಿಯದು, ಡೇಟಾಬೇಸ್ 9.6, ಒಂದಕ್ಕೊಂದು ಹೊಂದದೆ ಪ್ರತಿ ತೆಗೆಯುವುದೇ ನಿಂತಿತ್ತು. ಎಚ್ಚರಿಕೆಯ ಈಮೇಲ್‌ಗಳು ಯಾರ ಕೈಗೂ ಸಿಗದೆ ದಾರಿಯಲ್ಲೇ ತಿರಸ್ಕೃತವಾಗುತ್ತಿದ್ದವು. ಇದನ್ನು ಓದಿದಾಗ ನಮ್ಮ ಹಸಿರು ಲೈಟು ನೆನಪಾಯಿತು.

ಅವರನ್ನು ಉಳಿಸಿದ್ದು ಅದೃಷ್ಟ. ಅದೇ ಎಂಜಿನಿಯರ್ ಬೇರೆ ಯಾವುದೋ ಪರೀಕ್ಷೆಗೆಂದು ಆರು ಗಂಟೆ ಮೊದಲು ಒಂದು ಪ್ರತಿ ತೆಗೆದಿಟ್ಟಿದ್ದರು. ಅದರಿಂದಲೇ ಎಲ್ಲವನ್ನೂ ಮರಳಿ ಕಟ್ಟಿದರು. ಅಷ್ಟಕ್ಕೂ ಹದಿನೆಂಟು ಗಂಟೆ ಬೇಕಾಯಿತು. ಜನರ ಕೋಡ್ ಉಳಿಯಿತು, ಆ ಆರು ಗಂಟೆಗಳಲ್ಲಿ ಸೇರಿದ ಸುಮಾರು 700 ಹೊಸ ಬಳಕೆದಾರರ ಖಾತೆಗಳು ಮತ್ತು ಸಾವಿರಾರು ಟಿಪ್ಪಣಿಗಳು ಹೋದವು. ನಮಗೆ ಮೆಚ್ಚುಗೆಯಾದ ಸಂಗತಿ ಬೇರೆ: ಅವರು ಏನನ್ನೂ ಮುಚ್ಚಿಡದೆ, ರಿಪೇರಿ ಕೆಲಸವನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸುತ್ತಾ ಮಾಡಿದರು. ಈ ಸಂಪಾದಕೀಯ ಬರೆಯುವ ಧೈರ್ಯ ಸ್ವಲ್ಪ ಅಲ್ಲಿಂದಲೂ ಬಂದದ್ದು.

ಪ್ರತಿಯನ್ನೇ ಇಡದವರ ಗತಿಗೆ ದಕ್ಷಿಣ ಕೊರಿಯ ಸಾಕು. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರ್ಕಾರಿ ಡೇಟಾ ಕೇಂದ್ರದಲ್ಲಿ ಬ್ಯಾಟರಿಗೆ ಬೆಂಕಿ ಹತ್ತಿತು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಸುಟ್ಟುಹೋಯಿತು. ತುಂಬ ದೊಡ್ಡದೆಂದು ಹೊರಗೆ ಅದರ ಪ್ರತಿ ಇಟ್ಟಿರಲಿಲ್ಲವಂತೆ.

"ಎಲ್ಲವನ್ನೂ ಗೂಗಲ್ ಡ್ರೈವಿಗೆ ಹಾಕಿಬಿಡಿ, ಮುಗೀತಲ್ಲ" ಎಂದು ಸಭೆಯಲ್ಲಿ ಕೆಲವರು ಹೇಳಿದರು. ಮುಗಿಯುವುದಿಲ್ಲ. ಸಿಂಕ್ ಬೇರೆ, ಬ್ಯಾಕಪ್ ಬೇರೆ. ಇಲ್ಲಿ ಫೈಲ್ ಅಳಿಸಿದರೆ ಸಿಂಕ್ ಆದ ಜಾಗದಲ್ಲೂ ಅಳಿಯುತ್ತದೆ. ಎರಡು ಡಿಸ್ಕಿಗೆ ಒಟ್ಟೊಟ್ಟಿಗೆ ಬರೆಯುವ ಏರ್ಪಾಡೂ ಹಾಗೆಯೇ. ಒಂದು ಡಿಸ್ಕ್ ಸತ್ತರೆ ಇನ್ನೊಂದು ಕಾಪಾಡುತ್ತದೆ, ಆದರೆ ತಪ್ಪಿ ಅಳಿಸಿದ್ದನ್ನು ಎರಡೂ ನಿಷ್ಠೆಯಿಂದ ಅಳಿಸುತ್ತವೆ. ಬ್ಯಾಕಪ್ ಡಿಸ್ಕನ್ನು ಸದಾ ಕಂಪ್ಯೂಟರಿಗೆ ಸಿಕ್ಕಿಸಿಯೇ ಇಟ್ಟರೆ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಬಂದಾಗ ಅದಕ್ಕೂ ಬೀಗ ಬೀಳುತ್ತದೆ. ಇನ್ನೊಬ್ಬರ ಪಾಸ್‌ಪೋರ್ಟ್ ಪ್ರತಿಗಳನ್ನು ಯಾರದೋ ಸ್ವಂತ ಜಿಮೇಲ್ ಖಾತೆಯಲ್ಲಿ ಇಡುವುದು ನಮಗೆ ಸರಿ ಕಾಣಲಿಲ್ಲ.

ಊರಲ್ಲಿ ಗದ್ದೆ ಇದ್ದ ಕಾಲದಲ್ಲಿ ಬಿತ್ತನೆಯ ಭತ್ತವನ್ನು ಮುಡಿ ಕಟ್ಟಿ ಬೇರೆಯೇ ಇಡುತ್ತಿದ್ದರು. ಮಳೆಗಾಲದ ಮೊದಲು ಅದರಿಂದ ಒಂದು ಹಿಡಿ ತೆಗೆದು ನೆನೆಹಾಕಿ, ಮೊಳಕೆ ಬರುತ್ತದಾ ಎಂದು ನೋಡುತ್ತಿದ್ದರು. ನಾವು ಮುಡಿ ಕಟ್ಟಿ ಅಟ್ಟಕ್ಕೆ ಏರಿಸಿದೆವು, ನೆನೆಹಾಕಿ ನೋಡಲಿಲ್ಲ.

ಈಗ ಮೂರು ಪ್ರತಿ ಇಡುತ್ತಿದ್ದೇವೆ. ಒಂದು ಸರ್ವರಿನಲ್ಲಿ, ಇನ್ನೊಂದು ವಾರಕ್ಕೊಮ್ಮೆ ಮಾತ್ರ ಸಿಕ್ಕಿಸಿ ತೆಗೆಯುವ ಡಿಸ್ಕಿನಲ್ಲಿ, ಮೂರನೆಯದು ಪಾಸ್‌ವರ್ಡ್ ಇಲ್ಲದೆ ಓದಲಾಗದ ಹಾಗೆ ಮಾಡಿ ಮಂಗಳೂರಿನಲ್ಲಿ. ಆ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಲಕೋಟೆಗೆ ಹಾಕಿ ಇಬ್ಬರು ಪದಾಧಿಕಾರಿಗಳ ಹತ್ತಿರ ಕೊಟ್ಟಿದ್ದೇವೆ. ಒಬ್ಬರು ಊರಿಗೆ ಹೊರಟರೆ ಲಕೋಟೆ ಕೈ ಬದಲಾಗಬೇಕು, ಪಾಸ್‌ವರ್ಡ್ ಕೂಡ. ಎಚ್ಚರಿಕೆಯ ಸಂದೇಶ ಈಗ ಕಾರ್ಯಕಾರಿ ಸಮಿತಿಯ ಎಲ್ಲರಿಗೂ ಬರುತ್ತದೆ. ಸಂದೇಶ ಬಾರದಿದ್ದರೂ ಎಲ್ಲ ಸರಿ ಇದೆ ಎಂದು ಅರ್ಥ ಮಾಡಿಕೊಳ್ಳಬಾರದು ಎಂದೂ ಬರೆದಿಟ್ಟಿದ್ದೇವೆ.

ಪ್ರತಿ ತಿಂಗಳ ಮೊದಲ ಶುಕ್ರವಾರ ಸಂಜೆ ಬೇರೊಂದು ಲ್ಯಾಪ್‌ಟಾಪಿನಲ್ಲಿ ಬ್ಯಾಕಪ್ಪಿನಿಂದ ಎಲ್ಲವನ್ನೂ ಹೊಸದಾಗಿ ಕಟ್ಟಿ, ಚೀಟಿ ಎತ್ತಿ ಬಂದ ಐದು ಸದಸ್ಯರ ಕಡತ ತೆರೆದು ನೋಡುವುದೆಂದು ನಿಶ್ಚಯಿಸಿದ್ದೇವೆ. ಈ ತಿಂಗಳಿನ ಮೊದಲ ಪ್ರಯತ್ನ ಸೋತಿತು. ಫೋಟೋಗಳೆಲ್ಲ ಬಂದವು, ಯಾವ ಫೋಟೋ ಯಾರದೆಂದು ಹೇಳುವ ಪಟ್ಟಿ ಬರಲಿಲ್ಲ. ಮುಂದಿನ ವಾರ ಸರಿಪಡಿಸಿ ಪುನಃ ಮಾಡಿದೆವು. ನಾಲ್ಕು ಗಂಟೆ ಹಿಡಿಯಿತು, ಐದೂ ಕಡತ ತೆರೆದವು.

ಕಳೆದ ಹದಿನಾಲ್ಕು ತಿಂಗಳಲ್ಲಿ ಸೇರಿದವರು, ಪಾಸ್‌ಪೋರ್ಟ್ ಅಥವಾ ಊರಿನ ನಂಬರು ಬದಲಾದವರು, ದಯವಿಟ್ಟು ಈ ತಿಂಗಳ ಕೊನೆಯೊಳಗೆ ರೂಮಿಗೆ ಬಂದು ವಿವರ ಕೊಡಿ. ವಾಟ್ಸಾಪಿನಲ್ಲಿ ಕಳಿಸಬೇಡಿ. ಊರಿಗೆ ಖಾಯಂ ಹೋದವರ ಕಡತಗಳನ್ನು ಅವರನ್ನು ಕೇಳಿ ಅಳಿಸುತ್ತೇವೆ. ಲಿನಕ್ಸ್ ಗೊತ್ತಿರುವ ಹುಡುಗರು ಒಬ್ಬಿಬ್ಬರು ಮುಂದಿನ ಶುಕ್ರವಾರ ಅಸರ್ ನಂತರ ಬಂದರೆ ಉಪಕಾರ. ಚಹಾ ಉಂಟು.