ಜಾಕಿ ಕೊಳ್ಳುವ ಮೊದಲು ಗಾಡಿ ಕೆಳಗೆ ಬಗ್ಗಿ ನೋಡಿ

ನಮ್ಮ ಮನೆಯ ಟಾಟಾ 207 ಪಿಕಪ್‌ಗೆ ಹೆಚ್ಚುಕಡಿಮೆ ನನ್ನಷ್ಟೇ ವಯಸ್ಸು. ಹೋದ ಟೊಮೆಟೊ ಸೀಸನ್‌ನಲ್ಲಿ ಒಂದು ದಿನ ಬೆಳಗಿನ ಜಾವ ಕೋಲಾರದ ಮಂಡಿಗೆ ಹೊರಟಾಗ, ಊರು ದಾಟಿ ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಹಿಂದಿನ ಟೈರ್ ಕೂತುಬಿಟ್ಟಿತು. ಹಿಂದಿನ ರಾತ್ರಿ ಮಳೆಯಾಗಿ ರಸ್ತೆ ಪಕ್ಕದ ಮಣ್ಣು ನೆಂದಿತ್ತು. ಗಾಡಿಯಲ್ಲಿದ್ದದ್ದು ಯಾವುದೋ ಕಾರಿನ ಹಳೇ ಕತ್ತರಿ ಜಾಕಿ. ಎತ್ತರ ಸಾಲಲಿಲ್ಲ ಎಂದು ಡ್ರೈವರ್ ಹುಡುಗ ಅದರ ಕೆಳಗೆ ಒಂದು ಕಲ್ಲು ಇಟ್ಟ. ಚಕ್ರ ನೆಲ ಬಿಟ್ಟಿತು. ಕಲ್ಲು ವಾಲಿತು, ಜಾಕಿ ಜಾರಿತು, ಲೋಡು ಸಮೇತ ಗಾಡಿ ಧೊಪ್ಪನೆ ಕೆಳಗೆ ಬಂತು. ಸ್ಪ್ಯಾನರ್ ತೆಗೆದುಕೊಳ್ಳಲು ಅವನು ಆಗಷ್ಟೇ ಕೈ ಹಿಂದಕ್ಕೆ ಎಳೆದಿದ್ದ. ಇಲ್ಲದಿದ್ದರೆ ಆ ಕೈ ಉಳಿಯುತ್ತಿರಲಿಲ್ಲ.

ಹರಾಜು ತಪ್ಪಿದ್ದಕ್ಕೆ ಮನೆಯಲ್ಲಿ ಎರಡು ದಿನ ಬೇಜಾರಿತ್ತು. ನನಗೆ ಮಾತ್ರ ಇವತ್ತಿಗೂ ಆ ಕೈಯೇ ಕಣ್ಣ ಮುಂದೆ ಬರುತ್ತದೆ.

ಅಪ್ಪ ಮಾರನೇ ದಿನವೇ ಪೇಟೆಗೆ ಹೋಗಿ 10 ಟನ್ನಿನ ಬಾಟಲ್ ಜಾಕಿ ತಂದರು. "ದೊಡ್ಡದೇ ಇರಲಿ, ಭಯ ಇಲ್ಲ" ಎಂದರು. ತಿಂಗಳ ನಂತರ ಮನೆ ಮುಂದೆಯೇ ಪಂಕ್ಚರ್ ಆಯಿತು. ಆ ದೊಡ್ಡ ಜಾಕಿ ಹಿಂದಿನ ಆಕ್ಸಲ್ ಕೆಳಗೆ ಹೋಗಲೇ ಇಲ್ಲ! ಗಾಳಿ ಹೋದ ಟೈರಿನ ಜೊತೆ ಆಕ್ಸಲ್ಲೂ ಕೆಳಗಿಳಿದಿತ್ತು. ಜಾಕಿ ಅದಕ್ಕಿಂತ ಎತ್ತರ.

ನಾವೆಲ್ಲ ಮಾಡುವ ತಪ್ಪು ಇದೇ. ಅಂಗಡಿಯಲ್ಲಿ ಟನ್ ಎಷ್ಟು ಎಂದು ಕೇಳುತ್ತೇವೆ, ಮಡಚಿದಾಗ ಎತ್ತರ ಎಷ್ಟು ಎಂದು ಕೇಳುವುದಿಲ್ಲ.

ಟನ್ನಿನ ಲೆಕ್ಕ ಸುಲಭ. ಗಾಡಿಯ ಒಟ್ಟು ತೂಕ ಆರ್‌ಸಿಯಲ್ಲೇ ಇರುತ್ತದೆ. ಲೋಡು ಸೇರಿ 3 ಟನ್ ಎಂದುಕೊಳ್ಳಿ. ಹಿಂದಿನ ಎರಡು ಚಕ್ರಗಳ ಮೇಲೆ ಅಂದಾಜು 2 ಟನ್, ಒಂದು ಚಕ್ರದ ಮೇಲೆ 1 ಟನ್ ಬೀಳಬಹುದು. ನಾವು ಲೆಕ್ಕಕ್ಕಿಂತ ಹೆಚ್ಚು ಕ್ರೇಟ್ ಹೇರುವವರು, ಹಾಗಾಗಿ 3 ಅಥವಾ 5 ಟನ್ನಿನದು ಇರಲಿ. ಇಂಥ ಗಾಡಿಗೆ 10 ಟನ್ ಬೇಕಿಲ್ಲ. ಸಾಮಾನ್ಯವಾಗಿ ಟನ್ ಹೆಚ್ಚಾದಂತೆ ಜಾಕಿ ದಪ್ಪವೂ ಆಗುತ್ತದೆ, ಎತ್ತರವೂ ಆಗುತ್ತದೆ.

ಅಳತೆ ತೆಗೆಯುವುದು ಹೀಗೆ. ಮನೆ ಮುಂದೆ, ಗಟ್ಟಿ ನೆಲದಲ್ಲಿ, ಖಾಲಿ ಗಾಡಿಯ ಹಿಂದಿನ ಒಂದು ಟೈರಿನ ಗಾಳಿ ಪೂರ್ತಿ ಬಿಡಿ. ಕಮಾನು ಪಟ್ಟಿ ಕೂತಿರುವ ಜಾಗದ ಹತ್ತಿರ, ಆಕ್ಸಲ್ ಕೆಳಗಿನಿಂದ ನೆಲಕ್ಕೆ ಎಷ್ಟು ಎಂದು ಟೇಪ್ ಹಿಡಿಯಿರಿ. ಮಡಚಿದ ಜಾಕಿ ಮತ್ತು ಅದರ ಕೆಳಗಿನ ಹಲಗೆ ಎರಡೂ ಸೇರಿ ಇದಕ್ಕಿಂತ ಕಮ್ಮಿ ಇರಬೇಕು. ಜಾಕಿ ಪೂರ್ತಿ ಮೇಲೆದ್ದಾಗ ಗಾಳಿ ತುಂಬಿದ ಸ್ಟೆಪ್ನಿ ಹಿಡಿಸುವಷ್ಟು ಜಾಗವೂ ಆಗಬೇಕು. 5 ಟನ್ನಿನ ಬಾಟಲ್ ಜಾಕಿ ಮಡಚಿದಾಗ ಸುಮಾರು 20 ಸೆಂಟಿಮೀಟರ್ ಇರುತ್ತದೆ. ಜಾಗ ಕಮ್ಮಿ ಇದ್ದರೆ ಎರಡು ಹಂತದಲ್ಲಿ ಏಳುವ ಗಿಡ್ಡ ಜಾಕಿ ಕೇಳಿ.

ಚಾಸಿಗೆ ಕೊಟ್ಟು ಎತ್ತಿದರೆ ಮೊದಲು ಕಮಾನು ಪಟ್ಟಿ ಇಳಿಯುತ್ತಾ ಹೋಗುತ್ತದೆ, ಚಕ್ರ ಅಲ್ಲೇ ಕೂತಿರುತ್ತದೆ. ಆಕ್ಸಲ್‌ಗೆ ಕೊಟ್ಟರೆ ಸ್ವಲ್ಪ ಎತ್ತಿದರೂ ಚಕ್ರ ನೆಲ ಬಿಡುತ್ತದೆ.

ಬೇರೆ ಜಾಕಿಗಳ ಮಾತು. ಕತ್ತರಿ ಜಾಕಿ ಕಾರಿಗೆ ಸರಿ. ಗ್ಯಾರೇಜಿನ ಚಕ್ರದ ಜಾಕಿ ಸಿಮೆಂಟ್ ನೆಲಕ್ಕೆ ಸರಿ, ನಮ್ಮ ಮಣ್ಣಿನಲ್ಲಿ ಹೂತುಹೋಗುತ್ತದೆ. ವೀಡಿಯೊಗಳಲ್ಲಿ ಜೀಪ್ ಎತ್ತುವ ಉದ್ದನೆಯ ಜಾಕಿಗೆ ಗಟ್ಟಿ ಬಂಪರ್ ಬೇಕು, ತುಕ್ಕು ಹಿಡಿದ ಹಳೇ ಬಂಪರ್ ಅದನ್ನು ತಡೆಯುವುದಿಲ್ಲ. ಅದರ ಹಿಡಿಕೆ ತಪ್ಪಿದರೆ ದವಡೆಗೇ ಬಡಿಯುತ್ತದೆ. ನನ್ನ ಓಟು ಬಾಟಲ್ ಜಾಕಿಗೆ.

ಜಾಕಿ ಒಂದೇ ಸಾಲದು. ಒಂದಡಿ ಅಗಲದ ದಪ್ಪ ಮರದ ಹಲಗೆ ಗಾಡಿಯಲ್ಲೇ ಇರಲಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬೇಡವೇ ಬೇಡ, ಅವು ಹೇಳದೆ ಕೇಳದೆ ಒಡೆಯುತ್ತವೆ. ಚಕ್ರಕ್ಕೆ ಅಡ್ಡ ಕೊಡಲು ಎರಡು ಮರದ ತುಂಡೂ ಇರಲಿ. "ಗೇರ್‌ನಲ್ಲಿ ನಿಲ್ಲಿಸಿದ್ದೀನಿ" ಎಂದರೆ ಆಗಲಿಲ್ಲ. ಹಿಂದಿನ ಒಂದು ಚಕ್ರ ಮೇಲೆದ್ದ ಕೂಡಲೇ ಡಿಫರೆನ್ಶಿಯಲ್ ಆ ಚಕ್ರವನ್ನು ಸುಮ್ಮನೆ ತಿರುಗಲು ಬಿಡುತ್ತದೆ, ಗೇರಿನ ಹಿಡಿತ ಇಲ್ಲವಾಗುತ್ತದೆ. ಹಳೇ ಗಾಡಿಯ ಹ್ಯಾಂಡ್‌ಬ್ರೇಕ್ ಕಥೆ ನಿಮಗೇ ಗೊತ್ತು. ನಟ್ಟುಗಳನ್ನು ಎತ್ತುವ ಮೊದಲೇ ಸಡಿಲ ಮಾಡಿ. ಎತ್ತಿದ ಮೇಲೆ ಸ್ಟೆಪ್ನಿಯನ್ನು ಚಾಸಿ ಕೆಳಗೆ ಮಲಗಿಸಿ, ಜಾಕಿ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ. ಬರೀ ಜಾಕಿ ನಂಬಿ ಯಾರೂ ಗಾಡಿ ಕೆಳಗೆ ತೂರಬೇಡಿ.

ಜಾಕಿಯನ್ನು ನಿಲ್ಲಿಸಿ ಕಟ್ಟಿಡಿ. ಎಣ್ಣೆ ಕಮ್ಮಿಯಾದರೆ ಹೈಡ್ರಾಲಿಕ್ ಎಣ್ಣೆಯನ್ನೇ ಹಾಕಿ. ಬ್ರೇಕ್ ಆಯಿಲ್ ಹಾಕಿದರೆ ಒಳಗಿನ ಸೀಲ್ ಹಾಳಾಗುತ್ತದೆ.

"ಫೋನ್ ಮಾಡಿದರೆ ಪಂಕ್ಚರ್ ಅಂಗಡಿಯವನು ಬರ್ತಾನೆ" ಎನ್ನುವವರಿದ್ದಾರೆ. ಹಗಲಲ್ಲಿ ಬರಬಹುದು. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೂ ಕರೆ ಮಾಡಬಹುದು. ಬೆಳಗಿನ ಜಾವ ಮೂರಕ್ಕೆ ತೋಟದ ದಾರಿಯಲ್ಲಿ ಯಾರು ಬರುತ್ತಾರೆ?

ಕೊನೆಯದಾಗಿ ಗಾಡಿ ಮಾಲೀಕರಿಗೆ, ನನ್ನ ಅಪ್ಪನಿಗೂ ಸೇರಿಸಿ, ಒಂದು ಮಾತು. ಗಾಡಿ ನಮ್ಮದು, ಲೋಡು ನಮ್ಮದು, ಲಾಭವೂ ನಮ್ಮದು. ಕತ್ತಲಲ್ಲಿ ಗಾಡಿ ಕೆಳಗೆ ಕೈ ಹಾಕುವವನು ಮಾತ್ರ ದಿನಗೂಲಿಯ ಡ್ರೈವರ್. ಕ್ಯಾಬಿನ್ನಿನ ಮ್ಯೂಸಿಕ್ ಸಿಸ್ಟಂಗೆ, ಗಾಜಿನ ಸ್ಟಿಕರ್‌ಗೆ ಖರ್ಚು ಮಾಡುವ ನಾವು, ಸರಿಯಾದ ಜಾಕಿ ಕೊಡದೆ ಅವನನ್ನು ರಸ್ತೆಗೆ ಕಳಿಸಿದರೆ ಅದು ಅವನ ಹಣೆಬರಹ ಅಲ್ಲ, ನಮ್ಮ ತಪ್ಪು.

ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಟೇಪ್ ತಗೊಂಡು, ಡ್ರೈವರ್‌ನನ್ನೂ ಕರೆದುಕೊಂಡು, ಗಾಡಿ ಕೆಳಗೆ ಬಗ್ಗಿ ಅಳತೆ ತೆಗೆಯಿರಿ. ಅಂಗಡಿಗೆ ಆಮೇಲೆ ಹೋದರಾಯಿತು.