ವೈದ್ಯಸಹಾಯಕರ ಪದವಿ: ಸೇರುವ ಮುನ್ನ ವಿಚಾರಿಸತಕ್ಕದ್ದು

ನೀಟ್ ಪರೀಕ್ಷೆಯ ಫಲಿತಾಂಶವು ಪ್ರಕಟವಾದೊಡನೆ ನಮ್ಮ ನಾಡಿನ ಸಹಸ್ರಾರು ಮನೆಗಳಲ್ಲಿ ಪ್ರತಿವರ್ಷವೂ ಒಂದೇ ಬಗೆಯ ಆಲೋಚನೆಯು ನಡೆಯುತ್ತದೆ. 2024ರಲ್ಲಿ ಆ ಪರೀಕ್ಷೆಗೆ ಕುಳಿತವರು 23 ಲಕ್ಷಕ್ಕೂ ಮಿಕ್ಕಿದ್ದರು, ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸ್ಥಾನಗಳಾದರೋ ಒಂದು ಲಕ್ಷಕ್ಕೆ ತುಸು ಹೆಚ್ಚು. ಉಳಿದವರ ಗತಿಯೇನು? ಅವರ ಮುಂದಿರುವ ದಾರಿಗಳಲ್ಲಿ ‘ಫಿಜಿಷಿಯನ್ ಅಸಿಸ್ಟೆಂಟ್’ ಎಂಬ ವೈದ್ಯಸಹಾಯಕರ ಪದವಿಯೂ ಒಂದು. ಇದಕ್ಕೆ ಅರ್ಜಿ ಹಾಕುವುದು ಯುಕ್ತವೇ ಅಲ್ಲವೇ ಎಂಬುದನ್ನು ವಿದ್ಯಾರ್ಥಿಗಳೂ ತಾಯಿತಂದೆಗಳೂ ಹಣ ಕಟ್ಟುವ ಮೊದಲೇ ವಿಚಾರಮಾಡುವುದು ಅವಶ್ಯ.

ಈ ವೃತ್ತಿಯು ಗೌರವಕ್ಕೆ ಅರ್ಹವಾದುದೆಂಬುದರಲ್ಲಿ ನಮಗೆ ಸಂದೇಹವಿಲ್ಲ. 1965ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ಡಾ. ಯೂಜೀನ್ ಸ್ಟೆಡ್‌ರವರು, ನೌಕಾಪಡೆಯಲ್ಲಿ ರೋಗಿಗಳ ಶುಶ್ರೂಷೆ ಮಾಡಿ ಅನುಭವವಿದ್ದ ನಾಲ್ವರನ್ನು ಸೇರಿಸಿಕೊಂಡು ಈ ಶಿಕ್ಷಣವನ್ನು ಆರಂಭಿಸಿದರು. ನಮ್ಮ ದೇಶದಲ್ಲಿ 1992ರಲ್ಲಿ ಮದರಾಸು ಮೆಡಿಕಲ್ ಮಿಷನ್ನಿನಲ್ಲಿ ಡಾ. ಕೆ. ಎಂ. ಚೆರಿಯನ್‌ರವರು ಇದಕ್ಕೆ ನಾಂದಿ ಹಾಡಿದರು. ರೋಗಿಯ ಪೂರ್ವವೃತ್ತಾಂತವನ್ನು ಕೇಳಿ ಬರೆದುಕೊಳ್ಳುವುದು, ಶಸ್ತ್ರಚಿಕಿತ್ಸೆಯಲ್ಲಿ ನೆರವಾಗುವುದು, ವಾರ್ಡಿನಲ್ಲಿ ರೋಗಿಯ ಸ್ಥಿತಿಗತಿಗಳನ್ನು ನೋಡಿ ವೈದ್ಯರಿಗೆ ತಿಳಿಸುವುದು ಮುಂತಾದ ಕೆಲಸಗಳಿಂದ ಇವರು ದೊಡ್ಡ ಆಸ್ಪತ್ರೆಗಳಲ್ಲಿ ವೈದ್ಯರ ಹೊರೆಯನ್ನು ಇಳಿಸುತ್ತಿದ್ದಾರೆ.

ಆದರೆ ವೃತ್ತಿಯ ಹಿರಿಮೆ ಬೇರೆ, ಪದವಿಯಿಂದ ದೊರೆಯುವ ಅಧಿಕಾರ ಬೇರೆ. ಅಮೆರಿಕದಲ್ಲಿ ಮೊದಲು ಒಂದು ಪದವಿ, ಅನಂತರ ಸುಮಾರು 27 ತಿಂಗಳುಗಳ ಸ್ನಾತಕೋತ್ತರ ಶಿಕ್ಷಣ, ರಾಷ್ಟ್ರೀಯ ಪರೀಕ್ಷೆ, ಬಳಿಕ ರಾಜ್ಯದ ಲೈಸೆನ್ಸು. ಇಷ್ಟಾದ ಮೇಲೆಯೇ ಅವರು ಔಷಧವನ್ನು ಬರೆದುಕೊಡಬಲ್ಲರು. ನಮ್ಮಲ್ಲಿ ಪಿ.ಯು.ಸಿ.ಯ ತರುವಾಯ ಪಡೆಯುವ ಬಿ.ಎಸ್‌ಸಿ. ಪದವಿಯಿಂದ ಅಲ್ಲಿಯ ಪರೀಕ್ಷೆಗೆ ಕೂರುವ ಹಕ್ಕೂ ಬರುವುದಿಲ್ಲ, ಇಲ್ಲಿ ಸ್ವತಂತ್ರವಾಗಿ ಚಿಕಿತ್ಸೆ ಮಾಡುವ ಅಧಿಕಾರವೂ ಬರುವುದಿಲ್ಲ. 2021ರ ಆರೋಗ್ಯ ವೃತ್ತಿಗಳ ಕಾನೂನು ಇವರನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿರುವುದು ಸಂತೋಷದ ಸಂಗತಿ. ಆದರೆ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಯಾರೂ ವೈದ್ಯರಾಗುವುದಿಲ್ಲ.

ಈ ಭೇದವನ್ನು ಮರೆತರೆ ಏನಾಗುವುದೆಂಬುದಕ್ಕೆ ಅಸ್ಸಾಮಿನ ದೃಷ್ಟಾಂತವು ಸಾಕು. ಹಳ್ಳಿಗಳಿಗೆ ವೈದ್ಯರಿಲ್ಲವೆಂದು ಆ ರಾಜ್ಯವು 2004ರಲ್ಲಿ ಕಾನೂನು ಮಾಡಿ, ಮೂರು ವರ್ಷಗಳ ಡಿಪ್ಲೊಮಾ ಶಿಕ್ಷಣವನ್ನು ಏರ್ಪಡಿಸಿತು. 2014ರಲ್ಲಿ ಗೌಹಾಟಿ ಹೈಕೋರ್ಟು ಆ ಕಾನೂನನ್ನು ರದ್ದುಗೊಳಿಸಿತು. 2023ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನೇ ಎತ್ತಿಹಿಡಿಯಿತು. ಬೇರೊಂದು ಕಾನೂನಿನ ಆಸರೆಯಿಂದ ಕಲಿತವರಿಗೆ ಕೆಲಸವುಳಿಯಿತೇ ಹೊರತು, ಮೊದಲು ಕೊಟ್ಟಿದ್ದ ಅಧಿಕಾರ ಉಳಿಯಲಿಲ್ಲ. ತಪ್ಪು ಕಾನೂನು ಮಾಡಿದವರದು. ಅದರ ಫಲವನ್ನುಂಡವರು ವಿದ್ಯಾರ್ಥಿಗಳು. ಬ್ರಿಟನ್ನಿನಲ್ಲಿಯೂ ‘ಫಿಜಿಷಿಯನ್ ಅಸೋಸಿಯೇಟ್’ ಎಂಬ ಹೆಸರಿನಿಂದ ರೋಗಿಗಳಿಗೆ ಭ್ರಾಂತಿಯುಂಟಾಗುವುದೆಂಬ ಆಕ್ಷೇಪವೆದ್ದು, ‘ಅಸಿಸ್ಟೆಂಟ್’ ಎಂದೇ ಕರೆಯತಕ್ಕದ್ದೆಂದು 2025ರ ಲೆಂಗ್ ವರದಿಯು ಸಲಹೆಮಾಡಿತು. ನಮ್ಮ 2021ರ ಕಾನೂನಿನಲ್ಲಿರುವುದೂ ‘ಅಸೋಸಿಯೇಟ್’ ಎಂಬ ಹೆಸರೇ ಎಂಬುದನ್ನು ಅಧಿಕಾರಿಗಳು ಗಮನಿಸಬೇಕು.

ಹಾಗಾದರೆ ಅರ್ಜಿ ಹಾಕತಕ್ಕವರು ಯಾರು? ವೈದ್ಯನಾಗಲೇಬೇಕೆಂಬ ಹಂಬಲವುಳ್ಳವನು ಇದನ್ನು ಹಿಂಬಾಗಿಲೆಂದು ಬಗೆದು ಒಳಹೊಕ್ಕರೆ ಜೀವಮಾನವೆಲ್ಲ ಕೊರಗಬೇಕಾದೀತು. ಮತ್ತೊಬ್ಬರ ಹೊಣೆಯಡಿಯಲ್ಲಿ ನಿಷ್ಠೆಯಿಂದ ದುಡಿಯಲು ಮನಸ್ಸುಳ್ಳವರು, ರೋಗಿಯ ಸೇವೆಯನ್ನೇ ಸಾರ್ಥಕವೆಂದು ತಿಳಿದವರು ಧಾರಾಳವಾಗಿ ಸೇರಬಹುದು. ಅವರಾದರೂ ಮೊದಲು ವಿಚಾರಿಸಬೇಕಾದುವು ನಾಲ್ಕು: ಪದವಿ ಕೊಡುವ ವಿಶ್ವವಿದ್ಯಾನಿಲಯಕ್ಕೆ ಮಾನ್ಯತೆಯುಂಟೆ? ಕಾಲೇಜಿಗೆ ಸ್ವಂತ ಆಸ್ಪತ್ರೆಯುಂಟೆ? ರಾಜ್ಯ ಮಂಡಲಿಯಲ್ಲಿ ಹೆಸರು ನೋಂದಾಯಿಸುವ ಏರ್ಪಾಡು ಆಗಿದೆಯೆ? ಹಿಂದೆ ಕಲಿತು ಹೊರಬಂದವರು ಈಗ ಎಲ್ಲಿ, ಯಾವ ಸಂಬಳಕ್ಕೆ ದುಡಿಯುತ್ತಿದ್ದಾರೆ? ಉತ್ತರವನ್ನು ಜಾಹೀರಾತಿನಲ್ಲಿ ಹುಡುಕದೆ ಆ ಕಲಿತವರ ಬಾಯಿಂದಲೇ ಕೇಳುವುದು ಲೇಸು.

ಸರಕಾರದವರ ಕರ್ತವ್ಯವೂ ಇಷ್ಟೇ ಸ್ಪಷ್ಟವಾಗಿದೆ. ವೈದ್ಯಸಹಾಯಕನು ಏನು ಮಾಡಬಹುದು, ಏನು ಮಾಡಕೂಡದು, ತಪ್ಪಾದರೆ ಹೊಣೆ ಯಾರದು ಎಂಬುದನ್ನು ಜನರಿಗೆ ತಿಳಿಯುವ ಮಾತಿನಲ್ಲಿ ನಿಯಮಿಸಿ, ಪ್ರವೇಶಪತ್ರದಲ್ಲಿಯೇ ಅಚ್ಚುಮಾಡಿಸಬೇಕು. ಶುಲ್ಕವನ್ನು ಮೊದಲು ತೆಗೆದುಕೊಂಡು ನಿಯಮವನ್ನು ಆಮೇಲೆ ಹೇಳುವುದು ವಿದ್ಯಾದಾನವೆನಿಸದು.