ಕೆಜಿಎಫ್‌ನ ಹುಡುಗರಿಗೆ ಠಾಣೆಗಿಂತ ಮೊದಲು ಆಸ್ಪತ್ರೆಯ ಬಾಗಿಲು ತೆರೆಯಲಿ

ಕೋಲಾರದ ಮಾನ್ಯ ಜಿಲ್ಲಾಧಿಕಾರಿಗಳಿಗೆ,



ಮಾದಕ ವಸ್ತು ವಿರೋಧಿ ದಿನವಾದ ಜೂನ್ 26 ಬಂತೆಂದರೆ ನಮ್ಮ ಶಾಲೆಯ ಮಕ್ಕಳು ಫಲಕ ಹಿಡಿದು ರಾಬರ್ಟ್‌ಸನ್‌ಪೇಟೆಯಲ್ಲಿ ಜಾಥಾ ಹೊರಡುತ್ತಾರೆ. ಘೋಷಣೆ ಕೂಗುತ್ತಾರೆ, ಪ್ರತಿಜ್ಞೆ ಮಾಡುತ್ತಾರೆ. ಮಾರನೆಯ ದಿನ ಒಬ್ಬ ತಾಯಿ ಬಂದು, “ಮಗ ಕೈತಪ್ಪಿ ಹೋಗ್ತಿದಾನೆ, ಎಲ್ಲಿಗೆ ಕರ್ಕೊಂಡು ಹೋಗ್ಲಿ ಮೇಡಂ?” ಎಂದರೆ ನಾವು ಶಿಕ್ಷಕರು ಒಬ್ಬರ ಮುಖ ಒಬ್ಬರು ನೋಡುತ್ತೇವೆ. ತಮ್ಮಲ್ಲಿ ನನ್ನ ಬೇಡಿಕೆ ಒಂದೇ. ಕೆಜಿಎಫ್ ಮತ್ತು ಬಂಗಾರಪೇಟೆಯಲ್ಲಿ, ದುಡಿಯುವ ಜನ ಬರಬಹುದಾದ ಹೊತ್ತಿನಲ್ಲಿ ತೆರೆದಿರುವ ವ್ಯಸನ ಚಿಕಿತ್ಸೆಯ ಕ್ಲಿನಿಕ್ ಬೇಕು.

ಹೊತ್ತಿನ ಮಾತನ್ನು ಏಕೆ ಒತ್ತಿ ಹೇಳುತ್ತಿದ್ದೇನೆಂದರೆ, 2001ರ ಫೆಬ್ರುವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಈ ಊರಿನ ಎಷ್ಟೋ ಮನೆಗಳ ಅನ್ನ ಬೆಂಗಳೂರಿನಲ್ಲಿದೆ. ಮಾರಿಕುಪ್ಪಂನಿಂದ ಕತ್ತಲಿರುವಾಗಲೇ ಹೊರಡುವ ರೈಲು ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ ಮುಟ್ಟುವಷ್ಟರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸೆಕ್ಯೂರಿಟಿ ಗಾರ್ಡುಗಳು, ಹೌಸ್‌ಕೀಪಿಂಗ್ ಹೆಂಗಸರು, ವೆಲ್ಡರುಗಳು, ಪೇಂಟರುಗಳು ಎಲ್ಲರೂ ರಾತ್ರಿ ಅದೇ ದಾರಿಯಲ್ಲಿ ವಾಪಸ್ಸು. ದಿನವೆಲ್ಲ ನಿಂತು ಬಂದವನು ಊಟಕ್ಕೆ ಮುಂಚೆ ಒಂದು ಕ್ವಾರ್ಟರ್ ಹಾಕುತ್ತಾನೆ. ನೈಟ್ ಶಿಫ್ಟಿನವನು ಮೈಕೈ ನೋವಿಗೆಂದು ಶುರುಮಾಡಿದ ಮಾತ್ರೆಯನ್ನು ನೋವಿಲ್ಲದ ದಿನವೂ ನುಂಗತೊಡಗುತ್ತಾನೆ. ರಾಜ್ಯದಲ್ಲಿ ಮನೋಚೈತನ್ಯ ಎಂಬ ಒಳ್ಳೆಯ ಯೋಜನೆ ಇದೆ; ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ವ್ಯವಸ್ಥೆ ಅದು. ಆದರೆ ಮಂಗಳವಾರ ಹಗಲು ನಮ್ಮ ಊರಿನ ಗಂಡಸರು ವೈಟ್‌ಫೀಲ್ಡಿನಲ್ಲೋ ಕೃಷ್ಣರಾಜಪುರದಲ್ಲೋ ಇರುತ್ತಾರೆ. ಒಂದು ದಿನದ ಕೂಲಿ ಬಿಟ್ಟು, ತನಗೆ ಕಾಯಿಲೆಯೇ ಇಲ್ಲ ಎನ್ನುವ ಮನುಷ್ಯ ವೈದ್ಯರ ಬಳಿ ಬರುವುದು ಎಲ್ಲಿಂದ ಬಂತು?

ಕಾಯಿಲೆ ಎಂದೆ. ಈ ಊರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಗಣಿಯ ದೂಳಿನಿಂದ ಶ್ವಾಸಕೋಶ ಕಲ್ಲಾಗುವ ಸಿಲಿಕೋಸಿಸ್ ಭಾರತದಲ್ಲಿ ಮೊದಲು ದಾಖಲಾದದ್ದು ಇಲ್ಲೇ, 1930ರ ದಶಕದಲ್ಲಿ. 1940ರ ದಶಕದ ತಪಾಸಣೆಯಲ್ಲಿ 7,653 ಕಾರ್ಮಿಕರ ಪೈಕಿ 3,402 ಮಂದಿಯಲ್ಲಿ ಅದು ಕಂಡುಬಂತು. “ದೂಳು ಕುಡಿಯಲು ನಿನಗ್ಯಾರು ಹೇಳಿದರು” ಎಂದು ಆ ಕಾರ್ಮಿಕನನ್ನು ಯಾರೂ ಕೇಳಲಿಲ್ಲ. ಮೈಸೂರು ಸರ್ಕಾರ ಅದನ್ನು ಕಸುಬಿನ ರೋಗವೆಂದು ಒಪ್ಪಿ ಪರಿಹಾರದ ನಿಯಮ ಮಾಡಿತು. ವ್ಯಸನದಲ್ಲಿ ಮನುಷ್ಯನ ಸ್ವಂತ ಕೈಯೂ ಇದೆ, ಒಪ್ಪುತ್ತೇನೆ. ಮೊದಲ ಗುಟುಕು ಅವನದೇ. ಆದರೆ ಮಿದುಳಿನಲ್ಲಿ ಬೇಕೆನಿಸುವ ಭಾಗ ಬಲಿತು ಸಾಕೆನ್ನುವ ಭಾಗ ಸೋತ ಮೇಲೆ ಬೈಗುಳ, ಆಣೆ, ಪ್ರಮಾಣ ಇವುಗಳಿಂದ ಕೆಲಸ ಆಗುವುದಿಲ್ಲ. ದಿನವೂ ವಿಪರೀತ ಕುಡಿಯುವವನನ್ನು ಮನೆಯವರು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಿದರೆ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಪ್ರಾಣವೂ ಹೋಗಬಹುದು.

ಒಬ್ಬ ವಿದ್ಯಾರ್ಥಿಯ ತಾಯಿ ಒಂದು ದಿನ ಸೆರಗಿನ ಗಂಟಿನಿಂದ ಬಿಳಿ ಪುಡಿಯ ಪೊಟ್ಟಣ ತೆಗೆದು ತೋರಿಸಿದರು. ಗಂಡನಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿದರೆ ಕುಡಿತ ಬಿಡುತ್ತಾನೆಂದು ಯಾರೋ ಮಾರಿದ್ದರು. ಪೊಟ್ಟಣದ ಮೇಲೆ ಹೆಸರಿಲ್ಲ. ಹೀಗೆ ಮಾರುವ ಪುಡಿ ಕುಡಿತ ಬಿಡಿಸುವ ಡೈಸಲ್ಫಿರಾಂ ಔಷಧಿಯೇ ಆಗಿದ್ದರೆ, ಅದು ಹೊಟ್ಟೆಯಲ್ಲಿರುವಾಗ ಅವನು ಕುಡಿದುಬಿಟ್ಟರೆ ರಕ್ತದೊತ್ತಡ ಕುಸಿದು ಸಾಯಬಹುದು. ಆ ಹೆಂಗಸು ಮೂರ್ಖಳಲ್ಲ. ಸರ್ಕಾರಿ ಆಸ್ಪತ್ರೆಯ ಬಾಗಿಲು ಅವಳ ಹೊತ್ತಿಗೆ ತೆರೆದಿರಲಿಲ್ಲ, ಪುಡಿ ಮಾರುವವನ ಬಾಗಿಲು ತೆರೆದಿತ್ತು.

ಮಕ್ಕಳ ಸಂಗತಿ ಇನ್ನೂ ಕಷ್ಟದ್ದು. ಒಂಬತ್ತನೇ ತರಗತಿಯ ಹಿಂದಿನ ಬೆಂಚಿನಲ್ಲಿ ಕರ್ಚೀಫನ್ನು ಮುಷ್ಟಿಯಲ್ಲಿ ಹಿಡಿದು ಮೂಗಿಗೆ ಒತ್ತಿಕೊಂಡು ಕೂತ ಹುಡುಗನನ್ನು ಶೀತವಾಗಿದೆಯೇ ಎಂದು ಕೇಳಲು ಹೋದರೆ, ಸೈಕಲ್ ಪಂಕ್ಚರ್ ಸಲ್ಯೂಷನ್ನಿನ ವಾಸನೆ. ಬಾಯಿಯ ಸುತ್ತ ಕೆಂಪು ಗುಳ್ಳೆ, ಕಣ್ಣು ಮಂಕು. ಈ ಸಲ್ಯೂಷನ್ ಗಾಂಜಾದಂತೆ ನಿಷೇಧಿತ ಸರಕಲ್ಲ, ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಮೊದಲ ಸಲ ಮೂಸಿದಾಗಲೇ ಹೃದಯ ನಿಂತುಹೋಗುವ ಅಪಾಯವೂ ಇದೆ. ದೆಹಲಿಯ ಏಮ್ಸ್ 2019ರಲ್ಲಿ ಹೊರತಂದ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಬಳಕೆಯ ಪ್ರಮಾಣ ಹೆಚ್ಚಿದ್ದ ಅಮಲು ಇಂಥ ಮೂಸುವ ವಸ್ತುಗಳದ್ದು ಮಾತ್ರ: ವಯಸ್ಕರಲ್ಲಿ ಶೇ 0.58, ಮಕ್ಕಳಲ್ಲಿ ಶೇ 1.17. ಅದೇ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಚಿಕಿತ್ಸೆ ಕಂಡವನು ಒಬ್ಬ. ಮಗುವಿಗೆ ಮಾದಕ ವಸ್ತು ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ನಿನಲ್ಲಿ ಏಳು ವರ್ಷದವರೆಗೆ ಜೈಲಿದೆ. ಆ ಸೆಕ್ಷನ್ ಬಳಕೆಗೆ ಬರಲಿ.

ಪೊಲೀಸರ ಕೆಲಸವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಒಂದು ಕಡೆ ಆಂಧ್ರ, ಇನ್ನೊಂದು ಕಡೆ ತಮಿಳುನಾಡು, ನಡುವೆ ಬಂಗಾರಪೇಟೆ ಜಂಕ್ಷನ್, ಸಾಗಣೆ ತಡೆಯಲೇಬೇಕು. ಆದರೆ ಸರಕು ಹಿಡಿದಷ್ಟಕ್ಕೇ ಚಟ ಹೋಗುವುದಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಕೃಷ್ಣಗಿರಿ ಕಡೆ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅಂಗಡಿ ಮುಚ್ಚಿದವರು ಕುಡಿಯುವವನ ಕೈ ಹಿಡಿಯುವುದನ್ನು ಮರೆತಿದ್ದರು.

ಕಾನೂನಿನಲ್ಲೇ ದಾರಿ ಇದೆ. ಮಾದಕ ವಸ್ತು ಕಾಯ್ದೆಯ 64ಎ ಸೆಕ್ಷನ್ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಬಂದು ಅದನ್ನು ಪೂರೈಸಿದರೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಈ ಮಾತು ಗಣಿ ಕಾರ್ಮಿಕರ ಕುಟುಂಬಗಳಿರುವ ನಮ್ಮ ಲೈನ್ ಮನೆಗಳಿಗೆ ಮುಟ್ಟಿಲ್ಲ. ಅಲ್ಲಿನ ತಂದೆತಾಯಿಗೆ ಆಸ್ಪತ್ರೆಗೆ ಹೋದರೆ ಪೊಲೀಸರು ಬರುತ್ತಾರೆ ಎಂಬ ಭಯ. ದಯವಿಟ್ಟು ಇದನ್ನು ಕನ್ನಡದ ಜೊತೆಗೆ ತಮಿಳು, ತೆಲುಗಿನಲ್ಲೂ ಅಚ್ಚು ಹಾಕಿಸಿ. ಕನ್ನಡ ಕಲಿಸುವವಳಾಗಿಯೇ ಹೇಳುತ್ತಿದ್ದೇನೆ, ಎದೆಯ ನೋವನ್ನು ಜನ ಮನೆಮಾತಿನಲ್ಲೇ ಹೇಳಿಕೊಳ್ಳುತ್ತಾರೆ. ವ್ಯಸನಮುಕ್ತಿ ಸಹಾಯವಾಣಿಯ 14446 ಮತ್ತು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗಳನ್ನು ಮಾರಿಕುಪ್ಪಂನಿಂದ ಬಂಗಾರಪೇಟೆವರೆಗಿನ ಪ್ರತಿ ನಿಲ್ದಾಣದಲ್ಲಿ ಬರೆಸುವಂತೆ ರೈಲ್ವೆಗೂ ಪತ್ರ ಹೋಗಲಿ.

ಕ್ಲಿನಿಕ್ ಭಾನುವಾರ ಬೆಳಿಗ್ಗೆ ಇರಲಿ, ವಾರದಲ್ಲಿ ಒಂದೆರಡು ಸಂಜೆ ರೈಲು ಬಂದ ಮೇಲೂ ಇರಲಿ. ಒಬ್ಬ ವೈದ್ಯರು, ಒಬ್ಬ ಆಪ್ತಸಮಾಲೋಚಕರು, ತಪ್ಪದೆ ಸಿಗುವ ಔಷಧಿ ಸಾಕು. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗದಿಂದ ತರಬೇತಿ ಕೇಳಬಹುದು. ಬಿಟ್ಟವನು ಮತ್ತೆ ಕುಡಿದು ಬಂದರೆ ಬೈದು ಕಳಿಸದೆ ಮತ್ತೆ ಚೀಟಿ ಬರೆದುಕೊಡಲಿ. ಜಿಲ್ಲೆಯಲ್ಲಿ ಖಾಸಗಿ ಕೇಂದ್ರಗಳು ನೋಂದಣಿ ಮಾಡಿಸಿವೆಯೇ, ಒಳಗೆ ಯಾರನ್ನಾದರೂ ಕಟ್ಟಿಹಾಕಿದ್ದಾರೆಯೇ ಎಂದು ತಾವು ತಿಳಿಸದೆ ಹೋಗಿ ನೋಡಬೇಕು. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ.

ಮಾದಕ ವಸ್ತು ನಿಗ್ರಹದ ಜಿಲ್ಲಾ ಸಮಿತಿಗೆ ತಾವೇ ಅಧ್ಯಕ್ಷರು. ಮುಂದಿನ ಸಭೆಯ ವರದಿಯಲ್ಲಿ ಎಷ್ಟು ಕೆಜಿ ಗಾಂಜಾ ಹಿಡಿದರು ಎಂಬ ಕಾಲಂ ಪಕ್ಕದಲ್ಲೇ, ಕೆಜಿಎಫ್ ಮತ್ತು ಬಂಗಾರಪೇಟೆಯಿಂದ ಎಷ್ಟು ಮಂದಿ ಚಿಕಿತ್ಸೆಗೆ ಬಂದರು, ಮೂರು ತಿಂಗಳ ಮೇಲೂ ಬರುತ್ತಿರುವವರೆಷ್ಟು ಎಂಬ ಎರಡು ಕಾಲಂ ಸೇರಿಸಲು ಆದೇಶ ಮಾಡಿ.

ಇಂತಿ,
ರಾಬರ್ಟ್‌ಸನ್‌ಪೇಟೆಯ ಒಬ್ಬ ಪ್ರೌಢಶಾಲಾ ಶಿಕ್ಷಕಿ